‘ಸ್ವಲ್ಪ’ ಅಂದ್ರೆ ಎಷ್ಟು?

ಆ ವಿದ್ಯಾರ್ಥಿನಿಯನ್ನು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕಳಿಸಿದ್ದು ಹಾಜರಿ ಕಡಿಮೆಯಾಗಿದ್ದಕ್ಕೆ. ಜೊತೆಗೆ ಉಪನ್ಯಾಸಕರ ಚೀಟಿ: ‘ಬರೆಯುವುದರಲ್ಲಿ ಜಾಣೆ. ಆದರೆ ಸೊಕ್ಕು. ಪ್ರಶ್ನೆ ಕೇಳಿದರೆ ಮುಖ ನೋಡುವುದಿಲ್ಲ. ಪಾಠದ ನಡುವೆ ಎದ್ದು ಹೋಗುತ್ತಾಳೆ.’ ಪದವಿ ಎರಡನೇ ವರ್ಷ. ಆಟಿಸಂ (ಸುತ್ತಲಿನದನ್ನು ಮಿದುಳು ಬೇರೆ ರೀತಿಯಲ್ಲಿ ಗ್ರಹಿಸುವ, ಹುಟ್ಟಿನಿಂದ ಇರುವ ಸ್ಥಿತಿ) ಇದೆ ಎಂದು ಗೊತ್ತಾಗಿದ್ದೇ 16ನೇ ವಯಸ್ಸಿನಲ್ಲಿ. ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ.

ಮೊದಲು ತಪ್ಪಿದ್ದು ನಾನೇ. ಮೂರು ಭೇಟಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಅಭ್ಯಾಸದಲ್ಲಿ ಕಳೆದೆ. ನಾಲ್ಕನೇ ಸಲ ಅವಳು ಒಂದು ಹಾಳೆ ಮುಂದಿಟ್ಟಳು. ‘ನಿಮ್ಮ ಕಣ್ಣು ನೋಡಿದರೆ ನೀವು ಹೇಳಿದ್ದು ತಲೆಗೆ ಹೋಗುವುದಿಲ್ಲ. ನಿಮಗೆ ಯಾವುದು ಬೇಕು?’ ಅಭ್ಯಾಸ ಅಲ್ಲಿಗೇ ನಿಂತಿತು.

ಆಮೇಲೆ ಒಂದು ವಾರ ಸುಮ್ನೆ ಲೆಕ್ಕ ಇಡಲು ಹೇಳಿದೆ. ಯಾವ ಕೋಣೆ, ಎಲ್ಲಿ ಕೂತೆ, ಯಾವಾಗ ಎದ್ದೆ. ಎದ್ದು ಹೋಗಿದ್ದೆಲ್ಲ ಒಂದೇ ಕೋಣೆಯಿಂದ, ಅದೂ ಮಧ್ಯಾಹ್ನ. ಅಲ್ಲಿ ಹಳೆಯ ಚೋಕ್‌ನ ಟ್ಯೂಬ್‌ಲೈಟ್‌ಗಳಿದ್ದವು. ಅವು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನನಗೆ ಬರೀ ಬೆಳಕು, ಅವಳಿಗೆ ‘ತಲೆ ಮೇಲೆ ಕುಟ್ಟಿದ ಹಾಗೆ’. ಬೆಳಕು, ಸದ್ದು, ಸ್ಪರ್ಶ ಹೀಗೆ ಜಾಸ್ತಿ ತಟ್ಟುವುದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು 2013ರ ಡಿಎಸ್‌ಎಂ-5, ಅಂದರೆ ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಕೈಪಿಡಿ. ನಾವು ಓದುವಾಗ ಅದನ್ನು ಯಾರೂ ಒತ್ತಿ ಹೇಳಿರಲಿಲ್ಲ.

ಬೆಳಗ್ಗೆಯ ಪಾಠಗಳಲ್ಲಿ ಅವಳು ಸರಿಯಾಗಿದ್ದಳು ಅಂತಲ್ಲ. ಕೈ ಆಡಿಸದೆ, ಬೇರೆಯವರು ನಕ್ಕಾಗ ತಾನೂ ನಕ್ಕು, ‘ಎಲ್ಲರ ಹಾಗೆ’ ಕೂರುತ್ತಿದ್ದಳು. ಅಷ್ಟಕ್ಕೇ ಶಕ್ತಿ ಮುಗಿಯುತ್ತಿತ್ತು. ‘ಮನೆಗೆ ಬಂದ ಮೇಲೆ ಎರಡು ಗಂಟೆ ಮಾತೇ ಆಡಲ್ಲ’ ಎಂದರು ತಾಯಿ. ಅದನ್ನು ಸಿಟ್ಟು ಅಂದುಕೊಳ್ಳಬೇಡಿ, ಆ ಎರಡು ಗಂಟೆ ಏನೂ ಕೇಳಬೇಡಿ ಎಂದೆ.

ಕಷ್ಟವಾಗಿದ್ದು ಉಪನ್ಯಾಸಕರ ಜೊತೆ. ‘ಒಬ್ಬಳಿಗೆ ರಿಯಾಯಿತಿ ಕೊಟ್ಟರೆ ಉಳಿದವರು ಸುಮ್ಮನಿರ್ತಾರಾ?’ ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದದ 24ನೇ ವಿಧಿ, ಓದುವ ಜಾಗವೇ ವಿದ್ಯಾರ್ಥಿಗೆ ತಕ್ಕ ಹೊಂದಾಣಿಕೆ ಮಾಡಬೇಕು ಎನ್ನುತ್ತದೆ ಎಂದೆ. ಅವರು ತಲೆಯಾಡಿಸಿದರು, ಅಷ್ಟೇ. ಕೆಲಸಕ್ಕೆ ಬಂದಿದ್ದು ಬೇರೆ ಮಾತು. ಅದೇ ತರಗತಿಯಲ್ಲಿ ಕಿವಿ ಮಂದವಿರುವ ಹುಡುಗನೊಬ್ಬ ತುಟಿ ನೋಡಿ ಪಾಠ ಹಿಡಿಯುತ್ತಿದ್ದ. ‘ನೀವು ಬೋರ್ಡಿನ ಕಡೆ ತಿರುಗಿ ಹೇಳಿದ್ದೆಲ್ಲ ಅವನಿಗೆ ತಪ್ಪಿಹೋಯಿತು. ಹೋಂವರ್ಕ್ ಬರೆದು ಹಾಕಿದರೆ ಇಬ್ಬರಿಗೂ ಆಗುತ್ತೆ, ಅಲ್ವಾ?’ ಸ್ವಲ್ಪ ಹೊತ್ತು ಸುಮ್ಮನಿದ್ದು, ಏನೇನು ಮಾಡಬೇಕು ಹೇಳಿ ಎಂದರು.

ಬಾಗಿಲ ಹತ್ತಿರ, ಕಿಟಕಿ ಬೆಳಕಿನಲ್ಲಿ ಜಾಗ. ಮೇಜಿನ ಮೇಲೆ ಕಾರ್ಡ್ ಇಟ್ಟು ಹತ್ತು ನಿಮಿಷ ಹೊರಗೆ ಹೋಗಿ ಬರಬಹುದು, ಕಾರಣ ಕೇಳುವಂತಿಲ್ಲ. ಇವೆರಡು ಸುಲಭವಾಗಿ ಆದವು. ಮಾತಿನ ರೂಢಿ ಬದಲಾಗಲು ಹೊತ್ತು ಹಿಡಿಯಿತು. ‘ಮುಂದಿನ ಪಾಠ ಸ್ವಲ್ಪ ನೋಡಿಕೊಂಡು ಬನ್ನಿ’ ಎಂದಿದ್ದಕ್ಕೆ ಇವಳು ರಾತ್ರಿ ಮೂರರವರೆಗೆ ಇಡೀ ಪಾಠ, ಅಡಿಟಿಪ್ಪಣಿಗಳ ಸಮೇತ ಓದಿದ್ದಳು. ಸ್ವಲ್ಪ ಅಂದ್ರೆ ಎಷ್ಟು ಎಂದು ಯಾರೂ ಹೇಳಿರಲಿಲ್ಲ. ಈಗ ಪುಟದ ಸಂಖ್ಯೆ ಹೇಳುತ್ತಾರೆ.

ಮೌಖಿಕ ಪರೀಕ್ಷೆಗೆ ಹೇಳಿದ್ದು ಇಷ್ಟು: ಪ್ರಶ್ನೆಯನ್ನು ಬರೆದೂ ಕೊಡಿ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆ ನಡುವೆ ದಯವಿಟ್ಟು ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಬೇಡಿ, ಅವಳಿಗೆ ಅದು ಹೊಸ ಪ್ರಶ್ನೆ, ಮತ್ತೆ ಮೊದಲಿನಿಂದ ಶುರು. ಎಣಿಕೆ ಏಳಕ್ಕೆ ಬರುವ ಹೊತ್ತಿಗೆ ಉತ್ತರ ಬಂತಂತೆ, ಕಿಟಕಿ ನೋಡುತ್ತಾ.

ಗುಂಪು ಪ್ರಾಜೆಕ್ಟ್ ಮಾತ್ರ ಇನ್ನೂ ಸರಿಹೋಗಿಲ್ಲ. ಯಾವ ಗುಂಪೂ ಅವಳನ್ನು ತಾನಾಗಿ ಕರೆಯುವುದಿಲ್ಲ. ಮುಂದಿನ ಸಲ ಗುಂಪುಗಳನ್ನು ನೀವೇ ಮಾಡಿ, ಯಾರಿಗೆ ಯಾವ ಕೆಲಸ ಎಂದು ಬರೆದುಕೊಡಿ ಎಂದು ಉಪನ್ಯಾಸಕರಿಗೆ ಹೇಳಿದ್ದೇನೆ. ಅವಳು ಲೆಕ್ಕಾಚಾರದ ಕೆಲಸ ಕೇಳಿದ್ದಾಳೆ.