ಡಿಲೀಟ್ ಮಾಡಿದರೂ ಬಿಲ್ ಏರುತ್ತಿದೆಯಲ್ಲ!

ಪ್ರಶ್ನೆ: ನಮ್ಮದು ಮದುವೆ ಫೋಟೊ ತೆಗೆಯುವ ಸಣ್ಣ ಸ್ಟುಡಿಯೊ. ಫೈಲುಗಳನ್ನೆಲ್ಲ ಅಮೆಜಾನ್‌ನ ಕ್ಲೌಡ್ ಸ್ಟೋರೇಜ್ ಆದ ಎಸ್ ತ್ರೀಯಲ್ಲಿ ಇಡುತ್ತೇವೆ. ಹಳೆಯ ಮದುವೆಗಳ ರಾ ಫೈಲುಗಳನ್ನು (ಕ್ಯಾಮೆರಾದಿಂದ ಬಂದ ಮೂಲ ಫೈಲು) ಆಗಾಗ ಡಿಲೀಟ್ ಮಾಡುತ್ತೇವೆ. ಆದರೂ ಬಿಲ್ ಏರುತ್ತಲೇ ಇದೆ. ಇದೆಲ್ಲ ತಾನಾಗಿಯೇ ನಡೆಯುವಂತೆ ಮಾಡಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಮಾಡಬಹುದು. ಆದರೆ ಡಿಲೀಟ್ ಮಾಡಿದ್ದು ನಿಜಕ್ಕೂ ಹೋಗಿದೆಯಾ, ಮೊದಲು ಅದನ್ನು ನೋಡಿ. ಬಕೆಟ್ (ಎಸ್ ತ್ರೀಯಲ್ಲಿ ನಿಮ್ಮ ಫೈಲುಗಳಿರುವ ಡಬ್ಬ) ತೆರೆದು ‘ಶೋ ವರ್ಷನ್ಸ್’ ಆನ್ ಮಾಡಿ. ಹೋದವು ಅಂದುಕೊಂಡ ಮದುವೆಗಳೆಲ್ಲ ಅಲ್ಲೇ ಕೂತಿರಬಹುದು. ವರ್ಷನಿಂಗ್ (ಫೈಲಿನ ಹಳೆಯ ಪ್ರತಿಗಳನ್ನೂ ಉಳಿಸಿಕೊಳ್ಳುವ ವ್ಯವಸ್ಥೆ) ಇರುವ ಬಕೆಟ್‌ನಲ್ಲಿ ಸುಮ್ನೆ ಡಿಲೀಟ್ ಒತ್ತಿದರೆ ಫೈಲಿನ ಮೇಲೆ ಒಂದು ‘ಡಿಲೀಟ್ ಮಾರ್ಕರ್’ ಬೀಳುತ್ತದೆ, ಅಷ್ಟೆ. ಫೈಲು ಕಣ್ಣಿಗೆ ಕಾಣುವುದಿಲ್ಲ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ.

ಇನ್ನೊಂದು ಸೋರಿಕೆ ಅರ್ಧಕ್ಕೆ ನಿಂತ ಅಪ್‌ಲೋಡ್. ದೊಡ್ಡ ವಿಡಿಯೊ ತುಂಡುತುಂಡಾಗಿ ಹೋಗುತ್ತದೆ. ನಡುವೆ ಕರೆಂಟ್ ಹೋದರೆ (ಮಲೆನಾಡಿನ ಮಳೆಗಾಲದ ಬಗ್ಗೆ ನಿಮಗೆ ನಾನೇನು ಹೇಳಲಿ) ಅಲ್ಲಿವರೆಗೆ ಹೋದ ತುಂಡುಗಳು ಉಳಿದುಬಿಡುತ್ತವೆ. ಅವು ಫೈಲುಗಳ ಪಟ್ಟಿಯಲ್ಲಿ ಬರುವುದಿಲ್ಲ, ಬಿಲ್‌ನಲ್ಲಿ ಬರುತ್ತವೆ. ಇಂಥದ್ದು ಎಷ್ಟಿದೆ ಅಂತ ಎಸ್ ತ್ರೀಯದ್ದೇ ವರದಿಯಾದ ‘ಸ್ಟೋರೇಜ್ ಲೆನ್ಸ್’ ಪುಕ್ಕಟೆಯಾಗಿ ತೋರಿಸುತ್ತದೆ.

ಎರಡಕ್ಕೂ ಮದ್ದು ‘ಲೈಫ್‌ಸೈಕಲ್ ರೂಲ್’, ಅಂದರೆ ಯಾವ ಫೈಲು ಎಷ್ಟು ದಿನಕ್ಕೆ ಅಳಿಯಬೇಕು ಅಥವಾ ಬೇರೆ ಜಾಗಕ್ಕೆ ಹೋಗಬೇಕು ಎಂಬ ನಿಯಮ. ಹಳೆಯ ವರ್ಷನ್‌ಗಳು 30 ದಿನಕ್ಕೆ ಹೋಗಲಿ, ಅರ್ಧ ಅಪ್‌ಲೋಡ್‌ಗಳು 7 ದಿನಕ್ಕೆ ಹೋಗಲಿ ಎಂದು ಬರೆದುಬಿಡಿ. ಮುಂದೆ ನೀವು ನೋಡಬೇಕಾಗಿಲ್ಲ. ಬಹಳ ಜನ ಇದನ್ನು ಬಿಟ್ಟು ನೇರವಾಗಿ ಅಗ್ಗದ ಸ್ಟೋರೇಜ್ ಹುಡುಕಲು ಹೋಗುತ್ತಾರೆ. ಕಸವನ್ನು ಅಗ್ಗದ ಜಾಗಕ್ಕೆ ಸಾಗಿಸಿ ಏನು ಪ್ರಯೋಜನ?

ಇನ್ನು ಉಳಿಸಲೇಬೇಕಾದ್ದು. ಒಂದು ಮದುವೆಗೆ 25 ಎಂಬಿಯ 4,000 ರಾ ಫೋಟೊ ಅಂದುಕೊಳ್ಳಿ, 100 ಜಿಬಿ ಆಯಿತು. ಅಮೆಜಾನ್‌ನ ವರ್ಜೀನಿಯಾ (ಅಮೆರಿಕ) ಕೇಂದ್ರದ ದರದಲ್ಲಿ, ಮಾಮೂಲಿ ಬಗೆಯಾದ ಸ್ಟ್ಯಾಂಡರ್ಡ್‌ನಲ್ಲಿಟ್ಟರೆ ತಿಂಗಳಿಗೆ ಸುಮಾರು 2.30 ಡಾಲರ್. ಅತಿ ಅಗ್ಗದ ಬಗೆಯಾದ ‘ಗ್ಲೇಸಿಯರ್ ಡೀಪ್ ಆರ್ಕೈವ್‌’ನಲ್ಲಿ ಸುಮಾರು 10 ಸೆಂಟ್. ಸಾಗಿಸುವ ಖರ್ಚು ಸಾವಿರ ಫೈಲಿಗೆ 5 ಸೆಂಟ್, ಒಂದೇ ಸಲ. ಮುಂಬೈ ದರ ಸ್ವಲ್ಪ ಬೇರೆ, ಆದರೆ ಲೆಕ್ಕದ ದಾರಿ ಇದೇ.

ಆದರೆ ಡೀಪ್ ಆರ್ಕೈವ್ ಅಂದರೆ ಅಟ್ಟ. ಬೇಕೆಂದಾಗ ಕೈಗೆ ಸಿಗುವುದಿಲ್ಲ. ಇಳಿಸಲು 12 ಗಂಟೆ, ಕಡಿಮೆ ಖರ್ಚಿನ ‘ಬಲ್ಕ್’ ಕೇಳಿದರೆ 48 ಗಂಟೆವರೆಗೂ ಬೇಕು. ಮದುಮಗಳ ತಾಯಿ ಫೋನ್ ಮಾಡಿದರೆ ‘ಎರಡು ದಿನ ಕೊಡಿ ಅಮ್ಮಾ’ ಅನ್ನಬೇಕಾಗುತ್ತದೆ. ಜೊತೆಗೆ 180 ದಿನದೊಳಗೆ ಅಳಿಸಿದರೂ 180 ದಿನದ ದುಡ್ಡು ಹೋಗುತ್ತದೆ. ಹಾಗಾಗಿ ಆಲ್ಬಂ ಕೊಟ್ಟು ಮುಗಿದ ಮೇಲೆಯೇ ಕಳಿಸಿ. ನಾನಾಗಿದ್ದರೆ ರಾ ಫೋಲ್ಡರಿಗೆ 90ನೇ ದಿನ ಡೀಪ್ ಆರ್ಕೈವ್, ಎರಡು ವರ್ಷಕ್ಕೆ ಡಿಲೀಟ್ ಎಂದು ಹಾಕುತ್ತೇನೆ. ಆ ಎರಡು ವರ್ಷವನ್ನು ಗಿರಾಕಿಗೆ ಕೊಡುವ ಬಿಲ್‌ನಲ್ಲೂ ಅಚ್ಚು ಹಾಕಿಸಿ. ಜಗಳ ಆಗುವುದು ಅಲ್ಲೇ.

ಆಲ್ಬಂ ಆಯ್ಕೆಗೆ ಮಾಡಿದ ಪುಟಾಣಿ ಚಿತ್ರಗಳನ್ನು ಎಲ್ಲಿಗೂ ಸಾಗಿಸಬೇಡಿ. ಅಪರೂಪಕ್ಕೆ ಬೇಕಾಗುವ ಫೈಲುಗಳಿಗಿರುವ ಅಗ್ಗದ ಬಗೆಯಾದ ‘ಸ್ಟ್ಯಾಂಡರ್ಡ್ ಐಎ’ಯಲ್ಲಿ 128 ಕೆಬಿಗಿಂತ ಚಿಕ್ಕ ಫೈಲಿಗೂ 128 ಕೆಬಿಯ ಬಾಡಿಗೆಯೇ. ಅವನ್ನು ಅಳಿಸಿಬಿಡಿ, ಬೇಕಾದರೆ ಮತ್ತೆ ಮಾಡಿಕೊಳ್ಳಬಹುದು.

ಒಂದು ಎಚ್ಚರ. ರೂಲ್ ಹೊಸ ಫೈಲಿಗೆ ಮಾತ್ರವಲ್ಲ, ಈಗಾಗಲೇ ಇರುವ ಫೈಲಿಗೂ ತಗಲುತ್ತದೆ. ಫೋಲ್ಡರಿನ ಹೆಸರು ಬರೆಯಲು ಮರೆತರೆ ಇಡೀ ಬಕೆಟ್ ಅದರ ಕೆಳಗೆ ಬರುತ್ತದೆ. ಮೊದಲು ಬೇಡದ ನಾಲ್ಕು ಫೈಲು ಹಾಕಿದ ಪರೀಕ್ಷಾ ಫೋಲ್ಡರಿನ ಮೇಲೆ ಬಿಟ್ಟು ನೋಡಿ. ಸಂಜೆಯೇ ಏನೂ ಆಗಲಿಲ್ಲ ಎಂದು ಗಾಬರಿ ಬೇಡ. ದಿನದ ಲೆಕ್ಕ ಯುಟಿಸಿ (ಜಾಗತಿಕ ಸಮಯ) ಮಧ್ಯರಾತ್ರಿಗೆ, ಅಂದರೆ ನಮ್ಮ ಬೆಳಗಿನ ಐದೂವರೆಗೆ. ಕೆಲಸ ಮುಗಿಯುವುದು ಅದಕ್ಕಿಂತಲೂ ತಡವಾಗಬಹುದು.

ಪ್ರಶ್ನೆ: ಜಿಎಸ್‌ಟಿ ಬಿಲ್ಲುಗಳನ್ನು ಯಾರೂ ಅಳಿಸದಂತೆ ಕ್ಲೌಡ್‌ನಲ್ಲಿ ಬೀಗ ಹಾಕಬಹುದಂತೆ, ಹೌದಾ?
— ಓದುಗರು, ಧಾರವಾಡ

ಉತ್ತರ: ಹೌದು, ಎಸ್ ತ್ರೀಯಲ್ಲಿ ಅದಕ್ಕೆ ‘ಆಬ್ಜೆಕ್ಟ್ ಲಾಕ್’ ಇದೆ. ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು ಎನ್ನುತ್ತದೆ ಕಾನೂನು, ಲಾಕ್ ಅವಧಿ ಅದನ್ನು ನೋಡಿ ಇಡಿ. ‘ಕಂಪ್ಲಯನ್ಸ್’ ಎಂಬ ಬಗೆಯನ್ನು ಮಾತ್ರ ಅವಸರದಲ್ಲಿ ಆರಿಸಬೇಡಿ. ಒಮ್ಮೆ ಹಾಕಿದರೆ ಅವಧಿ ಮುಗಿಯುವವರೆಗೆ ಖಾತೆಯ ಮಾಲೀಕರೂ ಆ ಫೈಲನ್ನು ಅಳಿಸುವಂತಿಲ್ಲ. ಅವಧಿ ಒತ್ತುವಾಗ ಒಂದು ಸೊನ್ನೆ ಹೆಚ್ಚು ಬಿದ್ದರೆ? ‘ಗವರ್ನೆನ್ಸ್’ ಬಗೆಯಿಂದ ಶುರು ಮಾಡಿ. ಅದರಲ್ಲಿ ವಿಶೇಷ ಅನುಮತಿ ಇದ್ದವರು ಬೀಗ ತೆಗೆಯಬಹುದು.