ಪ್ರಿಸ್ಕೂಲಿನಲ್ಲಿ ವಾರವಿಡೀ ಆಟವೇ ಆದರೆ ಮಗು ಕಲಿಯುವುದು ಯಾವಾಗ?

ನಾಲ್ಕು ವರ್ಷದ ಮಗಳು ದಿನಾ ಮನೆಗೆ ಬಂದು ‘ಆಟ ಆಡಿದೆ’ ಅಂತಷ್ಟೇ ಹೇಳುತ್ತಾಳೆ, ಪುಸ್ತಕದಲ್ಲಿ ಒಂದಕ್ಷರವೂ ಇಲ್ಲ, ಇಡೀ ವಾರ ಅಲ್ಲಿ ಏನು ಮಾಡಿಸುತ್ತಾರೆ ಎಂದು ಕೇಳಿದ್ದೀರಿ. ನಾನು ಅದೇ ವಯಸ್ಸಿನ ಮಕ್ಕಳ ಟೀಚರ್. ಅವಳು ಹೇಳುತ್ತಿರುವುದು ನಿಜವೇ, ಆಡಿದ್ದಾಳೆ. ಆದರೆ ಸೋಮವಾರದ ಆಟ, ಗುರುವಾರದ ಆಟ ನೋಡುವವರಿಗೆ ಒಂದೇ ಥರ ಕಂಡರೂ ಒಂದೇ ಅಲ್ಲ.

ನೀರಿನ ವಾರವನ್ನೇ ತಗೊಳ್ಳಿ. ಸೋಮವಾರ ಒಂದು ಅಗಲವಾದ ಟಬ್ಬಿನಲ್ಲಿ ನೀರು ತುಂಬಿ, ಪಕ್ಕದಲ್ಲಿ ಲೋಟ, ಚಮಚ, ಸ್ಪಾಂಜು, ಮುಚ್ಚಳ, ಕಲ್ಲು ಇಟ್ಟುಬಿಡುತ್ತೇವೆ. ಅವತ್ತು ಏನೂ ಹೇಳಿಕೊಡುವುದಿಲ್ಲ. ರಜೆ ಮುಗಿಸಿ ಬಂದ ಮಕ್ಕಳಿಗೆ ಅಪ್ಪ ಅಮ್ಮನನ್ನು ಬಿಟ್ಟಿರುವುದೇ ದೊಡ್ಡ ಕೆಲಸ. ಅಳು ಮರೆಸಲು ನೀರಿಗಿಂತ ಒಳ್ಳೆಯದನ್ನು ನಾನಂತೂ ಕಂಡಿಲ್ಲ.

ಮಂಗಳವಾರ ಒಂದೇ ಪ್ರಶ್ನೆ: ಯಾವುದು ಮುಳುಗುತ್ತೆ, ಯಾವುದು ತೇಲುತ್ತೆ? ಹಾಕುವ ಮೊದಲೇ ಹೇಳಬೇಕು. ದೊಡ್ಡದು ಮುಳುಗುತ್ತೆ, ಚಿಕ್ಕದು ತೇಲುತ್ತೆ ಅನ್ನುವುದು ಬಹಳಷ್ಟು ಮಕ್ಕಳ ಲೆಕ್ಕ. ದಪ್ಪ ಮರದ ತುಂಡು ತೇಲಿ, ಪುಟಾಣಿ ನಾಣ್ಯ ತಳ ಸೇರಿದಾಗ ಅವರ ಮುಖ ನೋಡಬೇಕು! ಒಬ್ಬಳು ನಾಣ್ಯವನ್ನು ತೆಗೆದು, ಫ್ರಾಕಿಗೆ ಚೆನ್ನಾಗಿ ಒರೆಸಿ, ಮತ್ತೆ ಹಾಕಿದಳು. ಒದ್ದೆಯಾಗಿದ್ದಕ್ಕೇ ಮುಳುಗಿತು ಅಂತ ಅವಳ ವಾದ. ನಾನು ತಿದ್ದಲು ಹೋಗಲಿಲ್ಲ, ಸ್ಪಾಂಜನ್ನು ಕೈಗೆ ಕೊಟ್ಟೆ. ಒಣಗಿದ್ದಾಗ ಮೇಲೇ ತೇಲುವ ಸ್ಪಾಂಜು ನೀರು ಕುಡಿದ ಹಾಗೆಲ್ಲ ಕೆಳಗಿಳಿಯುತ್ತದೆ. ಅಂದರೆ ಅವಳ ವಾದ ಪೂರ್ತಿ ಸುಳ್ಳೂ ಅಲ್ಲ. ಅಂದು ಬೇರೆ ಯಾವ ವಸ್ತುವನ್ನೂ ಮುಟ್ಟದೆ ಅದನ್ನೇ ಹಿಂಡುತ್ತ ಕೂತಳು.

ಹಿಂಡುವುದೂ ಬರವಣಿಗೆಗೆ ತಯಾರಿಯೇ. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳಲ್ಲಿ ನಾಲ್ಕನೇ ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಮಾತ್ರ ಮೂಳೆಯಾಗಲು ಶುರುವಾಗಿರುತ್ತವೆ, ಉಳಿದವು ಇನ್ನೂ ಮೃದ್ವಸ್ಥಿ. ಆ ಕೈಯಲ್ಲಿ ಪೆನ್ಸಿಲ್ ಹಿಡಿಸಿ ಪುಟಗಟ್ಟಲೆ ಬರೆಸುವುದಕ್ಕಿಂತ ಸ್ಪಾಂಜು, ಜೇಡಿಮಣ್ಣು, ಮೊಂಡು ತುದಿಯ ಕತ್ತರಿ ಕೊಡುವುದೇ ಮೇಲು.

ಬುಧವಾರ ಉದ್ದನೆಯ ಲೋಟದಿಂದ ಅಗಲವಾದ ಬಟ್ಟಲಿಗೆ ಸುರಿಯುವ ಆಟ. ಕಣ್ಣೆದುರೇ ಸುರಿದರೂ ‘ಲೋಟದಲ್ಲೇ ಜಾಸ್ತಿ ಇತ್ತು’ ಅನ್ನುತ್ತಾರೆ. ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆಂದು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಗುರುತಿಸಿದ ಸಂಗತಿ ಇದು. ಆಕಾರ ಬದಲಾದರೂ ಅಳತೆ ಬದಲಾಗದು ಎಂಬುದು ಸಾಮಾನ್ಯವಾಗಿ ಆರೇಳು ವರ್ಷಕ್ಕೆ ಗಟ್ಟಿಯಾಗುತ್ತದೆ. ವಾದ ಮಾಡಿ ಪ್ರಯೋಜನವಿಲ್ಲ, ಸುರಿಯಲು ಬಿಡಿ.

ಗುರುವಾರ ನಾನು ಬೇಕೆಂದೇ ಲೋಟಗಳನ್ನು ಕಡಿಮೆ ಇಡುತ್ತೇನೆ. ಆಗ ಜಗಳ ಆಗುತ್ತದೆ, ಆಗಲೇಬೇಕು. ಸೋಮವಾರ ಪಕ್ಕಪಕ್ಕದಲ್ಲಿ ನಿಂತು ಒಬ್ಬರನ್ನೊಬ್ಬರು ನೋಡದೆ ಆಡಿದವರು (ಮಕ್ಕಳ ಆಟವನ್ನು ಅಧ್ಯಯನ ಮಾಡಿದ ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ಇದನ್ನು ಆಟದ ಒಂದು ಬಗೆಯೆಂದು ವಿವರಿಸಿದ್ದರು) ಈಗ ‘ನೀನು ಹಿಡ್ಕೋ, ನಾನು ಹಾಕ್ತೀನಿ’ ಅನ್ನಬೇಕಾಗುತ್ತದೆ. ಎಣಿಕೆಯೂ ಇಲ್ಲೇ ನುಸುಳುತ್ತದೆ. ಬಾಯಿಪಾಠವಾಗಿ ಇಪ್ಪತ್ತರವರೆಗೆ ಹೇಳುವ ಮಗುವಿಗೆ ‘ಎಲ್ಲರಿಗೂ ಒಂದೊಂದು ಲೋಟ ಕೊಡು’ ಎಂದು ಹೇಳಿ ನೋಡಿ, ಕಷ್ಟ ಗೊತ್ತಾಗುತ್ತದೆ. ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟಿವೆ ಎಂದು ತಿಳಿಸುತ್ತದೆ ಅನ್ನುವುದು ಇನ್ನೂ ಮುಂದಿನ ಮೆಟ್ಟಿಲು.

ಶುಕ್ರವಾರ ಕಥೆ, ಬಣ್ಣ, ಟಬ್ ತೊಳೆದು ಒರೆಸಿಡುವುದು.

ಇನ್ನು ನಿಮ್ಮ ಆತಂಕದ ಬಗ್ಗೆ. ‘ಇವತ್ತೇನು ಕಲಿತೆ?’ ಅಂದರೆ ಯಾವ ಮಗುವೂ ಉತ್ತರ ಹೇಳುವುದಿಲ್ಲ, ‘ಇವತ್ತು ಏನು ಮುಳುಗಿತು?’ ಅಂತ ಕೇಳಿ. ಟೀಚರನ್ನು ಭೇಟಿಯಾದಾಗ, ಸೋಮವಾರ ಇಟ್ಟ ಸಾಮಾನಿನಲ್ಲಿ ಗುರುವಾರದ ಹೊತ್ತಿಗೆ ಏನು ಬದಲಿಸಿದಿರಿ, ಯಾಕೆ ಅಂತ ವಿಚಾರಿಸಿ. ಅವರು ತಡವರಿಸಿದರೆ, ಮಕ್ಕಳನ್ನು ಆಟಿಕೆಗಳ ಮಧ್ಯೆ ಬಿಟ್ಟು ಸುಮ್ಮನೆ ಕೂತಿದ್ದಾರೆ ಅಂತ ಅನ್ನಿಸಿದರೆ, ಆಗ ನಿಮ್ಮ ಅನುಮಾನಕ್ಕೆ ಅರ್ಥವಿದೆ.