ಎಲ್‌ಡಿಎಲ್ ಇಳಿದಿದೆ, ತೊಡೆ ನೋಯುತ್ತಿದೆ: ಸ್ಟ್ಯಾಟಿನ್ ಬಿಡಬಹುದೇ?

ಪ್ರಶ್ನೆ: ನನಗೆ 56 ವರ್ಷ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 168 ಇತ್ತು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ಮಾತ್ರೆ ಅಟೋರ್ವಾಸ್ಟ್ಯಾಟಿನ್ 20 ಮಿಲಿಗ್ರಾಂ ಶುರು ಮಾಡಿದ ಮೇಲೆ ಎರಡು ತಿಂಗಳಲ್ಲಿ 96ಕ್ಕೆ ಇಳಿದಿದೆ. ಈಗ ಎರಡೂ ತೊಡೆಗಳಲ್ಲಿ ನೋವು. ಕೊಲೆಸ್ಟ್ರಾಲ್ ಹೇಗೂ ಇಳಿಯಿತಲ್ಲ, ಮಾತ್ರೆ ನಿಲ್ಲಿಸಲೇ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ, ಈ ವಾರವೇ ವೈದ್ಯರಿಗೆ ತೋರಿಸಿ. 96ಕ್ಕೆ ಇಳಿದಿರುವುದು ಮಾತ್ರೆಯಿಂದ. ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಾಗಲು ಬೇಕಾದ ಕಿಣ್ವವನ್ನು ಸ್ಟ್ಯಾಟಿನ್ ತಡೆಯುತ್ತದೆ. ಆಗ ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹೆಚ್ಚು ಹೆಚ್ಚು ಎಳೆದುಕೊಳ್ಳುತ್ತದೆ. ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಅದು ಮತ್ತೆ ಏರುತ್ತದೆ. ಹಿಂದೆ ಹೃದಯಾಘಾತವಾಗಿದ್ದವರು, ಸ್ಟೆಂಟ್ ಹಾಕಿಸಿಕೊಂಡವರು ಹೀಗೆ ಬಿಡುವುದು ನಿಜಕ್ಕೂ ಅಪಾಯ.

ಇನ್ನು ನೋವಿನ ವಿಷಯ. ಸ್ಟ್ಯಾಟಿನ್‌ನಿಂದ ಬರುವ ನೋವು ಸಾಮಾನ್ಯವಾಗಿ ಎರಡೂ ಕಡೆ, ತೊಡೆ, ಸೊಂಟ, ಭುಜದಂಥ ದೊಡ್ಡ ಸ್ನಾಯುಗಳಲ್ಲಿ, ಮಾತ್ರೆ ಶುರುವಾದ ಅಥವಾ ಡೋಸ್ ಏರಿಸಿದ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಂದೇ ಮಂಡಿ ನೋಯುತ್ತಿದ್ದರೆ ಕಾರಣ ಬೇರೆಯೇ ಇರುವ ಸಾಧ್ಯತೆ ಹೆಚ್ಚು. ನಿಮ್ಮದು ಮೊದಲ ಬಗೆಯದರಂತೆ ಕಾಣುತ್ತದೆ. ಸಿಪಿಕೆ (ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತೋರಿಸುವುದು) ಮತ್ತು ಟಿಎಸ್‌ಎಚ್ (ಥೈರಾಯ್ಡ್ ನೋಡುವುದು) ರಕ್ತಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆ ಇದ್ದರೆ ಸ್ನಾಯುನೋವೂ ಬರುತ್ತದೆ, ಕೊಲೆಸ್ಟ್ರಾಲೂ ಏರುತ್ತದೆ. ಇದನ್ನು ನೋಡದೆ ಮಾತ್ರೆಯನ್ನು ದೂರುವುದು ಸರಿಯಲ್ಲ. ಸಿಪಿಕೆ ಸಾಮಾನ್ಯ ಮಿತಿಯ ಹತ್ತು ಪಟ್ಟು ದಾಟಿದ್ದರೆ ಮಾತ್ರೆ ಕೂಡಲೇ ನಿಲ್ಲಬೇಕು. ಅಷ್ಟಿಲ್ಲದಿದ್ದರೆ ವೈದ್ಯರು ಎರಡರಿಂದ ನಾಲ್ಕು ವಾರ ಬಿಡಿಸಿ ನೋವು ತಗ್ಗುತ್ತದೆಯೇ ನೋಡಿ, ಕಡಿಮೆ ಡೋಸ್ ಅಥವಾ ರೋಸುವಾಸ್ಟ್ಯಾಟಿನ್ 5 ಮಿಲಿಗ್ರಾಂನಂಥ ಬೇರೆ ಸ್ಟ್ಯಾಟಿನ್ ಕೊಟ್ಟು ನೋಡುತ್ತಾರೆ. ಹೀಗೆ ಬದಲಿಸಿದಾಗ ಹೆಚ್ಚಿನವರಿಗೆ ಯಾವುದಾದರೊಂದು ಒಗ್ಗುತ್ತದೆ.

ಕಾಯದೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭವೂ ಇದೆ: ತೀವ್ರ ನೋವು, ಎದ್ದು ನಿಲ್ಲಲಾಗದ ನಿಶ್ಶಕ್ತಿ, ಕಡು ಕಂದು ಬಣ್ಣದ ಮೂತ್ರ. ಸ್ನಾಯು ಕರಗಿ ಕಿಡ್ನಿಗೆ ಪೆಟ್ಟು ಬೀಳುತ್ತಿರುವ ಲಕ್ಷಣವಿದು. ತೀರಾ ಅಪರೂಪ, ಆದರೆ ತಡಮಾಡುವಂತಿಲ್ಲ.

ಇತ್ತೀಚೆಗೆ ಬೇರೆ ಔಷಧಿ ತೆಗೆದುಕೊಂಡಿರಾ? ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್, ಇಟ್ರಾಕೊನಜೋಲ್ ಎಂಬ ಫಂಗಸ್ ಸೋಂಕಿನ ಔಷಧಿ ಜೊತೆಗಿದ್ದರೆ ಅಟೋರ್ವಾಸ್ಟ್ಯಾಟಿನ್ ದೇಹದಲ್ಲಿ ಸರಿಯಾಗಿ ವಿಭಜನೆಯಾಗದೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಕೆಮ್ಮಿಗೋ ಚರ್ಮದ ಸೋಂಕಿಗೋ ಇವನ್ನು ಬರೆಯುವ ವೈದ್ಯರಿಗೆ ನೀವು ಸ್ಟ್ಯಾಟಿನ್ ನುಂಗುತ್ತಿರುವುದು ಗೊತ್ತೇ ಇರುವುದಿಲ್ಲ. ಹೋಗುವಾಗ ಎಲ್ಲ ಮಾತ್ರೆಗಳ ಸ್ಟ್ರಿಪ್‌ ಒಯ್ದು ತೋರಿಸಿ.

ಪ್ರಶ್ನೆ: ಸ್ಟ್ಯಾಟಿನ್ ರಾತ್ರಿಯೇ ನುಂಗಬೇಕೇ? ಒಂದು ದಿನ ಮರೆತರೆ?

ಉತ್ತರ: ಸಿಮ್ವಾಸ್ಟ್ಯಾಟಿನ್ ಆದರೆ ರಾತ್ರಿ. ಅಟೋರ್ವಾ, ರೋಸುವಾ ದೀರ್ಘಕಾಲ ದೇಹದಲ್ಲಿ ಉಳಿಯುವುದರಿಂದ ಯಾವ ಹೊತ್ತಾದರೂ ಸರಿ, ದಿನವೂ ಅದೇ ಹೊತ್ತಿರಲಿ. ಮರೆತ ಮಾತ್ರೆಗೆ ಬದಲಾಗಿ ಮರುದಿನ ಎರಡು ನುಂಗಬೇಡಿ. ಗರ್ಭಿಣಿಯಾಗುವ ಯೋಚನೆ ಇರುವವರು ಮೊದಲೇ ವೈದ್ಯರಿಗೆ ಹೇಳಬೇಕು.